ಮಾಳಿಗೆಯ ಮೇಲೊಂದು ಗಾಳಿಯಂತ್ರ

ಬುದ್ಧಿಯಿದ್ದವರು ಗಾಳಿಯಂತ್ರವನ್ನು ಕೊಂಡು ತರಬಾರದು, ಮನೆಯಲ್ಲೇ ಕಟ್ಟಿಕೊಳ್ಳಬೇಕು ಎಂಬುದು ಒಂದು ಕಾಲಕ್ಕೆ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯವನ್ನು ಶಿಗ್ಗಾಂವಿಯ ಕಚೇರಿ ಕಟ್ಟೆಯ ಮೇಲೆ ಕೇಳಿದವರಿಗೂ ಕೇಳದವರಿಗೂ ಧಾರಾಳವಾಗಿ ಹಂಚಿದ್ದೆ. ವಕೀಲನಾದವನು ಅಭಿಪ್ರಾಯವನ್ನು ಬಿಟ್ಟಿ ಕೊಡಬಾರದು, ನಿಜ. ಆದರೆ ನನ್ನ ಹತ್ತಿರ ಬರುತ್ತಿದ್ದವರೆಲ್ಲ ಬಿಟ್ಟಿ ಕೇಳುವವರೇ!

ಅದು ಯುದ್ಧದ ಕಾಲ. ಊರಿಗೆ ವಿದ್ಯುತ್ತು ಬಂದಿರಲಿಲ್ಲ, ನಮ್ಮ ಮನೆಗೆ ಮಾತ್ರ ರೇಡಿಯೋ ಬಂದಿತ್ತು. ಮೋಟಾರಿಗೆ ಹಾಕುವಂಥ ಭಾರಿ ಬ್ಯಾಟರಿಯ ಮೇಲೆ ಅದು ನಡೆಯುತ್ತಿತ್ತು. ಬ್ಯಾಟರಿಯ ಶಕ್ತಿ ತೀರಿದಾಗ ಅದನ್ನು ಬಸ್ಸಿನ ಮೇಲೆ ಹೇರಿ ಹುಬ್ಬಳ್ಳಿಗೆ ಕಳಿಸಬೇಕು. ಅಲ್ಲಿ ಚಾರ್ಜ್ ಮಾಡಿಸಿಕೊಂಡು, ತವರಿಗೆ ಹೋದ ಸೊಸೆಯ ಹಾಗೆ, ಅದು ತನ್ನ ಮನಸ್ಸು ಬಂದಾಗ ಹಿಂತಿರುಗುತ್ತಿತ್ತು.

ಹೀಗಿರುವಾಗ ನನ್ನ ಹೆಂಡತಿ ಗೋದಾವರಿಯ ತಂಗಿ ಇಂದಿರೆಯಿಂದ ಸುದ್ದಿ ಬಂತು. ಮದುವೆಯಾಗಿ ಮುಂಬಯಿ ಸೇರಿದ್ದ ಹುಡುಗಿ, ಬರುವ ತಿಂಗಳು ಒಂದು ಶನಿವಾರ ಸಂಜೆ ಮುಂಬಯಿ ರೇಡಿಯೋದಲ್ಲಿ ದೇವರನಾಮ ಹಾಡುವವಳಿದ್ದಳು. ತಾಯಿಯಿಲ್ಲದ ಆ ತಂಗಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಹಾಡು ಕಲಿಸಿ ದೊಡ್ಡವಳನ್ನು ಮಾಡಿದವಳು ಗೋದಾವರಿಯೇ. ಮದುವೆಯಾದ ಮೇಲೆ ಅವಳ ದನಿಯನ್ನೇ ಕೇಳಿರಲಿಲ್ಲ.

"ನನಗ ಬ್ಯಾರೆ ಏನೂ ಬ್ಯಾಡ," ಎಂದಳು ಗೋದಾವರಿ. "ಆ ಶನಿವಾರ ಈ ಪೆಟ್ಟಿಗಿ ಮಾತಾಡಬೇಕು, ಅಷ್ಟ."

"ಅದರ ಜವಾಬ್ದಾರಿ ನಂದು," ಎಂದೆ. ಈ ಮಾತನ್ನು ಆಡದೆ ಇದ್ದಿದ್ದರೆ ನಾವೆಲ್ಲರೂ ಸುಖವಾಗಿರುತ್ತಿದ್ದೆವು.

ಇಬ್ಬರೂ ಹುಬ್ಬಳ್ಳಿಗೆ ಹೋದೆವು. ರೇಡಿಯೋ ಅಂಗಡಿಯಲ್ಲಿ, ಯುದ್ಧಕ್ಕೆ ಮುಂಚೆ ಬಂದು ಉಳಿದಿದ್ದ ವಿಲಾಯತಿ ಗಾಳಿಯಂತ್ರ ಒಂದಿತ್ತು. ಮುಂದೆ ಎರಡು ರೆಕ್ಕೆ, ಹಿಂದೆ ಬಾಲ, ನಡುವೆ ಡೈನಮೋ. ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ, ರೆಕ್ಕೆ ಡೈನಮೋವನ್ನು ತಿರುಗಿಸುತ್ತದೆ, ಬ್ಯಾಟರಿ ಮನೆಯಲ್ಲೇ ಚಾರ್ಜ್ ಆಗುತ್ತದೆ.

"ಇದನ್ನ ತಗೊಂಡು ಬಿಡೋಣ್ರಿ," ಎಂದಳು ಗೋದಾವರಿ.

ನಾನು ಯಂತ್ರಕ್ಕೆ ಒಂದು ಪ್ರದಕ್ಷಿಣೆ ಹಾಕಿದೆ. ಡೈನಮೋದಿಂದ ಬರುವ ತಂತಿಯ ನಡುವೆ ಒಂದು ಸಣ್ಣ ಕಬ್ಬಿಣದ ಡಬ್ಬಿಯಿತ್ತು. ಇದೇನು ಎಂದು ಕೇಳಿದೆ.

"ಗಾಳಿ ನಿಂತಾಗ ಬ್ಯಾಟರಿಯೊಳಗಿನ ಕರೆಂಟು ತಿರುಗಿ ಹಿಂದಕ್ಕ ಹೋಗಬಾರದು ಅಂತ್ರಿ," ಎಂದ ಅಂಗಡಿಯವ.

ನನಗೆ ನಗು ಬಂತು. "ಕೊಡದಾಗ ತುಂಬಿದ ನೀರು ತಾನಾಗಿ ಎದ್ದು ಬಾವಿಗೆ ಹೋಗ್ತದೇನು?" ಎಂದು ಕೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಎದುರು ಪಕ್ಷದವರು ಸುಮ್ಮನಾದರೆ ನಾವು ಗೆದ್ದಂತೆ. ಇದೆಲ್ಲ ಗಿರಾಕಿಯ ಕಿವಿಗೆ ಹೂವಿಡುವ ಉಪಾಯವೆಂದು ಹೆಂಡತಿಗೆ ವಿವರಿಸುತ್ತ, ಬರಿಗೈಯಲ್ಲಿ ಬಸ್ಸು ಹತ್ತಿಸಿದೆ.

ಮರುದಿನದಿಂದಲೇ ಕಟ್ಟೋಣ ಶುರುವಾಯಿತು. ಸವಣೂರಿನಲ್ಲಿ ಕೆಟ್ಟು ನಿಂತು ಕೋಳಿಗಳಿಗೆ ಮನೆಯಾಗಿದ್ದ ಒಂದು ಮೋಟಾರಿನ ಡೈನಮೋ ಬಿಚ್ಚಿಸಿ ತಂದೆ. ಇನ್ನು ರೆಕ್ಕೆಗೆ ಚೆನ್ನಾಗಿ ಒಣಗಿದ, ಗಂಟಿಲ್ಲದ ಸಾಗವಾನಿ ಹಲಗೆ ಬೇಕು. ಹಾನಗಲ್ಲಿನವರೆಗೂ ಹೋಗಿ ಹುಡುಕಿದೆ. ಕೊನೆಗೆ ಅಂಥ ಹಲಗೆ ಸಿಕ್ಕಿತು, ನಮ್ಮ ಪಡಸಾಲೆಯ ತೂಗುಮಂಚದಲ್ಲಿ!

"ಅದು ನಮ್ಮ ತೌರಮನಿಯವರು ಕೊಟ್ಟದ್ದು," ಎಂದಳು ಗೋದಾವರಿ.

"ಹೌದು, ಇನ್ನ ಮ್ಯಾಲೆ ಅದ ತೌರಮನಿ ಹಾಡು ಕೇಳಸ್ತದ," ಎಂದೆ.

ಅವಳು ತೂಗುಮಂಚದ ಮೇಲಿನ ದಿಂಬು ಎತ್ತಿಕೊಂಡು ಒಳಗೆ ಹೋದಳು. ಕಚೇರಿಯಲ್ಲಿ ಅಪರೂಪಕ್ಕೆ ಗೆಲ್ಲುವವನು ಮನೆಯಲ್ಲಿ ಮೇಲಿಂದ ಮೇಲೆ ಗೆದ್ದರೆ ತಲೆ ನಿಲ್ಲುವುದಿಲ್ಲ. ಆ ಉತ್ಸಾಹದಲ್ಲೇ ಹಲಗೆಯನ್ನು ಕೊಯ್ದು, ಕೆತ್ತಿ, ರೆಕ್ಕೆಯ ಆಕಾರಕ್ಕೆ ತಂದೆ. ಆಮೇಲೆ ಕಂಬ ನೆಡುವುದಕ್ಕೆ ಮಾಳಿಗೆ ಹತ್ತಿ, ಚಾವಣಿಯ ಮೇಲೆ ಹಾಸಿದ ಮಣ್ಣು ಅಗೆದೆ. ಕೆಳಗೆ ಅಡಿಗೆಮನೆ ಇದೆ ಎಂಬುದು ನನಗೆ ಗೊತ್ತಿತ್ತು. ಅಲ್ಲಿ ಆ ಹೊತ್ತಿಗೆ ಹುಳಿ ಕುದಿಯುತ್ತಿದೆ ಎಂಬುದು ಗೊತ್ತಿರಲಿಲ್ಲ.

"ಏನ್ರಿ," ಎಂದು ಕೆಳಗಿನಿಂದ ಶಾಂತವಾದ ದನಿ ಬಂತು, "ಇನ್ನೂ ಮಣ್ಣು ಹಾಕೂದದ ಏನು? ಹಾಕೂದಿದ್ರ ಹೇಳ್ರಿ, ಅನ್ನದ ಮುಚ್ಚಳಾನೂ ತಗೀತೇನಿ."

ಅಂತೂ ಯಂತ್ರ ನಿಂತಿತು. ಅದು ನಿಂತ ದಿನದಿಂದ ಗಾಳಿಯೂ ನಿಂತಿತು. ಕಣದಲ್ಲಿ ಜೋಳ ತೂರಲು ಕಾದು ಕುಳಿತವರು ಮನೆಯ ಮುಂದೆ ಹಾದುಹೋಗುವಾಗ, "ವಕೀಲ್ರ, ಊರಾಗಿನ ಗಾಳಿ ಎಲ್ಲಾ ನಿಮ್ಮ ಪಂಕಾನ ಕುಡೀತೇನ್ರಿ?" ಎಂದು ಕೇಳತೊಡಗಿದರು.

ಶನಿವಾರ ಹತ್ತಿರ ಬಂತು. ಗೋದಾವರಿ ನನ್ನನ್ನು ನಂಬಿ ಕೂರಲಿಲ್ಲ. ಬ್ಯಾಟರಿಯನ್ನು ಮೊದಲಿನಂತೆ ಹುಬ್ಬಳ್ಳಿಗೆ ಕಳಿಸಿ, ಶುಕ್ರವಾರ ಬೆಳಗಿನ ಬಸ್ಸಿಗೆ ತುಂಬಿಸಿ ತರಿಸಿದಳು.

"ನಾಳೆ ಸಂಜೀತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ಸ್ನಾನಕ್ಕೆ ಹೋದಳು.

ಅವಳು ಬರುವುದರೊಳಗೆ ನಾನು ಅದರ ಜಾಗದಲ್ಲಿ ಒಂದು ಖಾಲಿ ಪೆಟ್ಟಿಗೆಗೆ ಬಟ್ಟೆ ಮುಚ್ಚಿಟ್ಟು, ಅದನ್ನು ಮಾಳಿಗೆಗೆ ಸಾಗಿಸಿದ್ದೆ. ತುಂಬಿದ್ದಕ್ಕೆ ಮತ್ತೊಂದಿಷ್ಟು ತುಂಬಿದರೆ ನಷ್ಟವೇನು? ತಂತಿ ಜೋಡಿಸಿದೆ. ರೆಕ್ಕೆ ಒಮ್ಮೆ ನಡುಗಿತು, ಮೆಲ್ಲಗೆ ಸರಿಯಿತು, ಆಮೇಲೆ ಸೊಗಸಾಗಿ ತಿರುಗತೊಡಗಿತು!

ಪಕ್ಕದ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ನೆರೆಮನೆಯ ಗುರುಬಸವ್ವ ಕೈ ನಿಲ್ಲಿಸಿ ನೋಡಿದಳು.

"ವಕೀಲ್ರ, ಬೇವಿನ ಗಿಡದಾಗ ಒಂದು ಎಲಿ ಅಳ್ಳಾಡವಲ್ದು. ನಿಮ್ಮ ಪಂಕಾ ಹೆಂಗ ತಿರಗಾಕತ್ತೈತ್ರಿ?"

"ಇದು ಸೂಕ್ಷ್ಮ ಗಾಳಿ, ಗುರುಬಸವ್ವ. ಮನುಷ್ಯಾರಿಗೆ ತಿಳಿಯೂದಿಲ್ಲ, ಯಂತ್ರಕ್ಕ ತಿಳೀತದ."

ಗುರುಬಸವ್ವ ತನ್ನ ಸಂಡಿಗೆಯ ಚಾಪೆಯನ್ನು ನಮ್ಮ ಯಂತ್ರದ ಎದುರಿಗೆ ಎಳೆದುಕೊಂಡಳು. "ಭಾಳ ಚಲೋ ಗಾಳಿ ಬರಾಕತ್ತೈತ್ರಿ. ಸಂಜೀಕ ಒಣಗತಾವು," ಎಂದಳು.

ಗಾಳಿಯನ್ನು ಹಿಡಿಯಬೇಕಾದ ಯಂತ್ರ ಗಾಳಿ ಬೀಸುತ್ತಿದೆ ಎಂದರೆ ಏನೋ ಎಡವಟ್ಟಾಗಿದೆ ಎಂದು ಯಾರಿಗಾದರೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ. ನಾಳೆ ಹಪ್ಪಳವನ್ನೂ ತಾ ಎಂದು ಉದಾರವಾಗಿ ಅಪ್ಪಣೆ ಕೊಟ್ಟೆ. ಕಚೇರಿ ಕಟ್ಟೆಯವರನ್ನು ಕರೆತಂದು ತೋರಿಸಿದೆ. ಗಾಳಿಯಿಲ್ಲದೆ ತಿರುಗುವ ಗಾಳಿಯಂತ್ರವನ್ನು ಅವರು ಹಿಂದೆಂದೂ ಕಂಡಿರಲಿಲ್ಲವಂತೆ. ಕಾಣುವುದು ಹೇಗೆ?

ಶನಿವಾರ ಮಧ್ಯಾಹ್ನದ ಹೊತ್ತಿಗೆ ರೆಕ್ಕೆ ಮುದಿ ಎತ್ತಿನ ಹಾಗೆ ಕಾಲೆಳೆಯತೊಡಗಿತು. ಗಾಳಿ ಕಡಿಮೆಯಾಯಿತೆಂದುಕೊಂಡು, ಸಂಜೆ ಹಾಡಿನ ಹೊತ್ತಿಗೆ ಬ್ಯಾಟರಿಯನ್ನು ಕೆಳಗೆ ಒಯ್ಯಲು ತಂತಿ ಬಿಚ್ಚಿದೆ. ರೆಕ್ಕೆ ತಟ್ಟನೆ ನಿಂತಿತು. ಕಾಕತಾಳೀಯವಿರಬಹುದೆಂದು ಮತ್ತೆ ಜೋಡಿಸಿದೆ. ತಿರುಗಿತು. ಬಿಚ್ಚಿದೆ. ನಿಂತಿತು.

ಆಗ ಹುಬ್ಬಳ್ಳಿಯ ಅಂಗಡಿಯವನ ಸಣ್ಣ ಡಬ್ಬಿ ಕಣ್ಣ ಮುಂದೆ ಬಂದು ನಿಂತಿತು. ಕೊಡದ ನೀರು ಎದ್ದು ಬಾವಿಗೆ ಹೋಗಿತ್ತು. ನನ್ನ ಯಂತ್ರ ಬ್ಯಾಟರಿಯನ್ನು ತುಂಬುತ್ತಿರಲಿಲ್ಲ, ಬ್ಯಾಟರಿಯೇ ನನ್ನ ಯಂತ್ರವನ್ನು ತಿರುಗಿಸುತ್ತಿತ್ತು! ಹುಬ್ಬಳ್ಳಿಯಿಂದ ತರಿಸಿದ ಅಷ್ಟೂ ಶಕ್ತಿಯನ್ನು ನಾನು ಗುರುಬಸವ್ವನ ಸಂಡಿಗೆಗೆ ಬೀಸಿದ್ದೆ.

ಬ್ಯಾಟರಿಯನ್ನು ಕೆಳಗೆ ತಂದು ರೇಡಿಯೋಕ್ಕೆ ಜೋಡಿಸಿದೆ. ಅದು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಗೋದಾವರಿ ಆಗಲೇ ಇಳಕಲ್ ಸೀರೆ ಉಟ್ಟು, ಹೂ ಮುಡಿದು ರೇಡಿಯೋದ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಸೆರಗಿನ ತುದಿಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕುಳಿತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಅಳುವೇ ಬಂತು.

ಅವಳೆದುರು ನಿಲ್ಲಲಾರದೆ ಹೊರಗೆ ಕಟ್ಟೆಗೆ ಬಂದೆ. ಅಷ್ಟರಲ್ಲಿ ಗಾಳಿ ಬಂತು! ಅಷ್ಟು ದಿನ ಎಲ್ಲಿ ಅಡಗಿತ್ತೋ, ಧೂಳು, ತರಗೆಲೆ, ಗುರುಬಸವ್ವನ ಹಪ್ಪಳ ಎಲ್ಲವನ್ನೂ ಎತ್ತಿಕೊಂಡು ಬಂತು. ಮಾಳಿಗೆಯ ಮೇಲೆ ರೆಕ್ಕೆ ಕಿರುಚುತ್ತ ತಿರುಗಿತು, ಲಟಕ್ಕೆಂದು ಮುರಿಯಿತು, ತೂಗುಮಂಚದ ಅರ್ಧ ಹಲಗೆ ನನ್ನ ತಲೆಯ ಮೇಲೆ ಹಾರಿಹೋಗಿ ರಸ್ತೆಯಲ್ಲಿ ಬಿತ್ತು. ಹುಬ್ಬಳ್ಳಿಯಿಂದ ಹಿರೇಕೆರೂರ ಕಡೆಗೆ ಹೊರಟಿದ್ದ ಬಸ್ಸು ಅದರ ಮುಂದೆ ಕಿರ್ರೆಂದು ನಿಂತಿತು. ಯುದ್ಧಕಾಲದ ಪೆಟ್ರೋಲಿನ ಬರದಿಂದ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸು; ಒಮ್ಮೆ ನಿಂತರೆ ಅದನ್ನು ಮತ್ತೆ ಹೊರಡಿಸುವುದೇ ಒಂದು ತಪಸ್ಸು. ದೇವರ ದಯೆ, ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ನಮ್ಮ ಬ್ಯಾಟರಿಯನ್ನು ಸದಾ ಹೊತ್ತು ತರುತ್ತಿದ್ದ ಡ್ರೈವರ್ ಮೌಲಾಸಾಬ, ಹಲಗೆ ಹಿಡಿದುಕೊಂಡು ಕಟ್ಟೆ ಏರಿದ.

"ಒಂದು ಗೇಣು ಈಚೆ ಬಿದ್ದಿದ್ರ ನನ್ನ ಗತಿ ಏನ್ರಿ ವಕೀಲ್ರ?"

ನಾನು ಬಾಯಿ ತೆರೆಯುವ ಮೊದಲೇ ಗೋದಾವರಿ ಬಾಗಿಲಿಗೆ ಬಂದಳು. "ಮೌಲಾಣ್ಣ, ನಿಮ್ಮ ಬಸ್ಸಿನ ಬ್ಯಾಟರಿ, ನಮ್ಮದು ಎರಡೂ ಒಂದ ನಮೂನಿ ಅಂತ ನೀವ ಹೇಳಿದ್ರಿ. ಹೆಂಗಿದ್ರೂ ಬಸ್ ನಿಂತದ. ಒಂದು ಹಾಡಿನ ಮಟ್ಟಿಗೆ ಅದನ್ನ ಕೊಡ್ರಿ. ನನ್ನ ತಂಗಿ ಹಾಡ್ಲಿಕ್ಕತ್ತಾಳ."

"ರೇಡಿಯೋದಾಗೇನ್ರಿ ಅಕ್ಕಾರ?"

ಅವಳು ತಲೆಯಾಡಿಸಿದಳು. ಮೌಲಾಸಾಬ ಹಲಗೆಯನ್ನು ನನ್ನ ಕೈಗೆ ಕೊಟ್ಟು, ಬಸ್ಸಿನ ಬ್ಯಾಟರಿ ಬಿಚ್ಚಿ ಹೊತ್ತು ತಂದ. ಅದರ ಹಿಂದೆ ಬಸ್ಸಿನ ಜನವೆಲ್ಲ ಬಂದರು. ರಟ್ಟೀಹಳ್ಳಿಯ ಮದುವೆಗೆ ಹೊರಟವರು, ಚಿಕ್ಕೇರೂರಿನ ರೈತರು, ಕೂಸು ಎತ್ತಿಕೊಂಡ ಬಾಣಂತಿ, ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ತೂಗುಮಂಚ ಇಲ್ಲದ್ದರಿಂದ ಜಾಗ ಸಾಕಷ್ಟಿತ್ತು.

ಗರಗರ ಸದ್ದು, ಯಾರದೋ ಗಂಡು ದನಿ, ಆಮೇಲೆ ಇಂದಿರೆ. ಮೊದಲ ಸಾಲಿನಲ್ಲಿ ದನಿ ಕೊಂಚ ನಡುಗಿತು.

"ಹೆದರ್ಯಾಳ," ಎಂದಳು ಗೋದಾವರಿ ಮೆಲ್ಲಗೆ.

ಎರಡನೆಯ ಸಾಲಿಗೆ ದನಿ ನೆಟ್ಟಗಾಯಿತು. ಗೋದಾವರಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಕಣ್ಣೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿಟ್ಟಂತಾಗಿ ನಾನು ಗೋಡೆಗೆ ಒರಗಿದೆ.

ಹಾಡು ಮುಗಿಯಿತು. ಮೌಲಾಸಾಬ ಬ್ಯಾಟರಿ ಹೊತ್ತು ಬಸ್ಸಿಗೆ ಹೋದ. ಉಳಿದವರಿಗೆ ಗೋದಾವರಿ ಅವಲಕ್ಕಿ ಕೊಟ್ಟಳು. ಚಿಕ್ಕೇರೂರಿನ ಹಿರಿಯರೊಬ್ಬರು, ನಾನಿನ್ನೂ ಅಪ್ಪಿಕೊಂಡು ನಿಂತಿದ್ದ ಮುರಿದ ರೆಕ್ಕೆಯನ್ನು ದಿಟ್ಟಿಸಿ ನೋಡಿದರು.

"ವಕೀಲ್ರ, ಇದನ್ನ ಕೊಂಡು ತಂದದ್ದೋ, ನೀವ ಕಟ್ಟಿದ್ದೋ?"

ಇಡೀ ಪಡಸಾಲೆ ನನ್ನ ಕಡೆ ತಿರುಗಿತು.

"ಕೊಂಡದ್ದು," ಎಂದೆ. "ಹುಬ್ಬಳ್ಳ್ಯಾಗ."

ಗೋದಾವರಿ ಅವರ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದಳು. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

"ಹೌದ್ರಿ, ಕೊಂಡದ್ದು. ಅದಕ್ಕ ಹಿಂಗಾತು. ಮನ್ಯಾಗ ಕಟ್ಟೋಣ್ರಿ ಅಂತ ನಾ ಎಷ್ಟು ಬಡಕೊಂಡೆ, ನಮ್ಮವರು ಕೇಳಬೇಕಲ್ಲ."

ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಇನ್ನೊಂದು ಹಾಡು ಬರಬಹುದೇನೋ ಎಂಬಂತೆ ಮುಂದೆ ಬಾಗಿ, ರೇಡಿಯೋದ ತಿರುಪನ್ನು ಬಹಳ ಗಂಭೀರವಾಗಿ ತಿರುಗಿಸತೊಡಗಿದೆ. ಬ್ಯಾಟರಿ ಬಸ್ಸಿಗೆ ಹೋಗಿ ಆಗಲೇ ಹೊತ್ತಾಗಿತ್ತು.