ಬೆಳ್ಳಿಪಟ್ಟಿಯ ಮೇಲೊಂದು ಹೆಸರು

ಜೂನ್ ಎಂಟು, ಭಾನುವಾರ, ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಗಯೆತಾನ್ ಮೊರಿಸೊ ಬೆಳ್ಳಿಪಟ್ಟಿಯ ಮೇಲೆ ಉಳಿ ಇಟ್ಟ. ಇಡಬಾರದಿತ್ತು. ಪ್ಯಾರಿಸ್ಸಿನ ಕೆಂಪು ಮಣ್ಣಿನ ಅಂಗಳದಲ್ಲಿ ಪುರುಷರ ಸಿಂಗಲ್ಸ್ ಫೈನಲ್ ಇನ್ನೂ ನಡೆಯುತ್ತಿತ್ತು. ಗೆದ್ದವನ ಹೆಸರನ್ನು ಕಪ್ಪಿನ ಬುಡದ ಆ ಪಟ್ಟಿಯ ಮೇಲೆ ಕೆತ್ತಬೇಕಾದ ಗಯೆತಾನ್ ಗ್ಯಾಲರಿಯ ಅಡಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದ.

"ನಮ್ಮ ಲಾಸೇರ್ ಎರಡು ಸೆಟ್ ಗೆದ್ದಾಯ್ತು, ಮೂರನೇದರಲ್ಲಿ ಐದು-ಒಂದು," ಎಂದ ಬಾಗಿಲ ಕಾವಲುಗಾರ ಫಿರ್ಮ್ಯಾಂ, ಅಂಗಳದ ಕಡೆಯಿಂದ ಕಣ್ಣು ಕೀಳದೆ. "ನಲವತ್ತು ವರ್ಷದಿಂದ ನಮ್ಮವನೊಬ್ಬ ಗೆದ್ದಿಲ್ಲ. ಕೆತ್ತಯ್ಯ, ಇನ್ನೇನು ಕಾಯ್ತೀಯ?"

"ಮ್ಯಾಚ್ ಮುಗೀಲಿ."

ಸಮಾರಂಭದ ಉಸ್ತುವಾರಿ ಹೊತ್ತ ಮದಾಮ್ ಪೆರೋಶೆ ಗಡಿಯಾರ ತೋರಿಸಿದಳು. "ಮುಗಿದ ಹತ್ತು ನಿಮಿಷಕ್ಕೆ ಕಪ್ ಮೇಲಿರಬೇಕು. ನಿಮ್ಮ ಕೈಗೆ ಹನ್ನೆರಡು ನಿಮಿಷ ಬೇಕು. ಹೋದ ವರ್ಷವೇ ಕೆತ್ತೋ ಯಂತ್ರ ತರಿಸೋಣ ಅಂದಿದ್ರು, ನಾನೇ ತಡೆದೆ."

ಅನ್ನದ ಪ್ರಶ್ನೆ. ಗಯೆತಾನ್ ಕೆತ್ತಿದ. ಹೆಸರಿಗೆ ಹೊಳಪು ಕೊಡುತ್ತಿರುವಾಗಲೇ ಸ್ವೀಡನ್ನಿನ ಹೆಡ್ಲುಂಡ್ ಮೂರನೇ ಸೆಟ್ ಕಸಿದುಕೊಂಡ, ಆಮೇಲೆ ನಾಲ್ಕನೆಯದನ್ನೂ.

"ನಾನಾಗಿದ್ರೆ ಕಾಯ್ತಿದ್ದೆ ಕಣಯ್ಯ," ಎಂದ ಫಿರ್ಮ್ಯಾಂ.

ಗಯೆತಾನ್ ಅರ ತೆಗೆದುಕೊಂಡು ಲಾಸೇರನನ್ನು ಉಜ್ಜಿ ಹಾಕಿದ. ಐದನೇ ಸೆಟ್ಟಿನಲ್ಲಿ ಹೆಡ್ಲುಂಡ್ ಐದು-ಎರಡು ಮುಂದಾದಾಗ ಮದಾಮ್ ಮತ್ತೆ ಗಡಿಯಾರ ತೋರಿಸಿದಳು. ಹೆಡ್ಲುಂಡ್ ಕೆತ್ತಿಸಿಕೊಂಡ. ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಐದು-ಐದು.

"ಅಳಿಸಿ," ಎಂದಳು ಮದಾಮ್.

"ಮದಾಮ್, ಪಟ್ಟಿ ಈರುಳ್ಳಿ ಸಿಪ್ಪೆ ಆಗಿದೆ. ಈ ಸಲ ಉಜ್ಜಿದ್ರೆ ಸರಿ, ಇನ್ನೊಂದು ಸಲ ಉಜ್ಜಿದ್ರೆ ಆಚೆ ಬದಿ ಕಾಣುತ್ತೆ. ಇನ್ನು ಮ್ಯಾಚ್ ಮುಗಿಯೋವರೆಗೆ ನಾನು ಉಳಿ ಮುಟ್ಟಲ್ಲ. ಎರಡು ನಿಮಿಷ ತಡ ಆದ್ರೆ ಆಗ್ಲಿ."

ಉಜ್ಜಿ, ಕೈಕಟ್ಟಿ ಕೂತ. ಆರು-ಐದು. ಲಾಸೇರನ ಗೆಲುವಿಗೆ ಒಂದೇ ಅಂಕ ಬಾಕಿ. ಮೇಲೆ ಹದಿನೈದು ಸಾವಿರ ಗಂಟಲು ಒಟ್ಟಿಗೆ ಬಿರಿದು, ಸೂರಿನ ಸುಣ್ಣ ಕಪ್ಪಿನೊಳಗೆ ಉದುರಿತು.

"ಬಿದ್ದ, ಬೆನ್ನ ಮೇಲೆ ಬಿದ್ಕೊಂಡು ಅಳ್ತಿದ್ದಾನೆ," ಎಂದು ತಾನೂ ಅಳುತ್ತ ಫಿರ್ಮ್ಯಾಂ ಮದಾಮಳ ಎರಡೂ ಕೆನ್ನೆಗೆ ಮುತ್ತಿಟ್ಟ. "ರ‍್ಯಾಕೆಟ್ ಒಂದು ಕಡೆ, ಅವನೊಂದು ಕಡೆ. ಈಗ ಕೆತ್ತಪ್ಪ."

ಆಟಗಾರನೇ ಮಣ್ಣಲ್ಲಿ ಹೊರಳಾಡಿದ ಮೇಲೆ ಇನ್ನೇನು ಪುರಾವೆ ಬೇಕು? ಗಯೆತಾನ್ ಮೊದಲಕ್ಷರ 'ಎಲ್'ನ ಉದ್ದಗೀಟನ್ನು ಮನಸ್ಸು ತುಂಬಿ, ಆಳವಾಗಿ ಎಳೆದ. ಅಡ್ಡಗೀಟನ್ನೂ ಎಳೆದ.

ಮೇಲೆ ಸದ್ದಡಗಿತ್ತು.

"ಫಿರ್ಮ್ಯಾಂ, ಯಾಕೆ ಎಲ್ಲ ಸುಮ್ಮನಾದ್ರು?"

"ಏನಿಲ್ಲ. ಅಂಪೈರ್ ಕುರ್ಚಿಯಿಂದ ಇಳಿದು ಬರ್ತಿದ್ದಾನೆ. ಮಣ್ಣಲ್ಲಿ ಚೆಂಡಿನ ಗುರುತು ನೋಡ್ತಾನಂತೆ."

"ಆಮೇಲೆ?"

"ಬಗ್ಗಿದ." ಫಿರ್ಮ್ಯಾಂ ಟೋಪಿ ತೆಗೆದ. "ಬೆರಳೆತ್ತಿದ."

ಅರ್ಧ ಗಂಟೆಯ ಮೇಲೆ ಚಾಂಪಿಯನ್ ಹೆಡ್ಲುಂಡ್ ಕಪ್ ಎತ್ತಿ ಹಿಡಿದ. ಲಾಸೇರನ ಮೊದಲಕ್ಷರದ ಮೇಲೆ ಹೆಬ್ಬೆರಳಿಡಬೇಕೆಂದು ಮದಾಮ್ ಅವನ ಕಿವಿಯಲ್ಲಿ ಹೇಳಿದ್ದಳು. ಕೆಳಗಿಳಿದು ಬಂದವಳೇ ಯಂತ್ರದವರಿಗೆ ಫೋನ್ ಹಚ್ಚಿದಳು.

ಲಾಸೇರನ ಚೆಂಡು ಗೆರೆಯಿಂದಾಚೆ ಬಿದ್ದದ್ದು ಮೂರು ಮಿಲಿಮೀಟರ್.