ಮೆತ್ತಗಾದ ಕೈಗಳ ಬಗ್ಗೆ ಒಂದು ದೂರು

ರೋಗಾಣುನಾಶಕ ಕೈ ಕ್ರೀಮಿನ ತಯಾರಕರಾದ ಮಾನ್ಯರೇ,

ವರ್ಮಾಂಟಿನ ನಮ್ಮ ಕೊಟ್ಟಿಗೆಯಿಂದ ಸಕಲ ಹಸುಗಳ, ಒಬ್ಬ ಅತ್ತೆಯ ಮತ್ತು ನನ್ನ ಸವಿನಯ ವಂದನೆಗಳು. ತಮ್ಮ ಕ್ರೀಮು ಡಬ್ಬಿಯ ಮೇಲೆ ಕೊಟ್ಟ ಮಾತಿಗೆ ತಪ್ಪಲಿಲ್ಲ ಎಂಬುದೇ ನನ್ನ ದೂರು.

ನಮ್ಮ ಮನೆಯಲ್ಲಿ ಈವರೆಗೆ ಹಸುವಿನ ಕೆಚ್ಚಲಿಗೂ ಸೊಸೆಯ ಕೈಗೂ ಒಂದೇ ಜಿಡ್ಡು ಮುಲಾಮು. ಈ ಚಳಿಗಾಲ ನನ್ನ ಗಂಡ ಕ್ಲೇಟನ್, ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಜ್ಞಾನೋದಯವಾದವನಂತೆ, ತಮ್ಮ ಡಬ್ಬಿಯನ್ನು ಉಡುಗೊರೆ ಕೊಟ್ಟ. ಹಚ್ಚಿಕೊಂಡೆ, ಕೈ ಬೆಣ್ಣೆಯಾಯಿತು. ಭಾನುವಾರ ಚರ್ಚಿನಲ್ಲಿ ಅವನು ನನ್ನ ಬಲಗೈ ಹಿಡಿದೇ ಕೂತಿದ್ದ. ಸುಳ್ಳೇಕೆ ಹೇಳಲಿ, ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಆದರೆ ಇದೇ ಕೈಗಳನ್ನು ಉಪ್ಪುನೀರಿನಲ್ಲಿ ಅದ್ದಿ ನೆಲಮಾಳಿಗೆಯಲ್ಲಿ ಹದವಾಗಲು ಇಟ್ಟ ಚೀಸ್ ಬಿಲ್ಲೆಗಳ ಮೈ ತಿಕ್ಕುವುದು ನನ್ನ ಕೆಲಸ. ಆ ಚೀಸಿಗೆ ಕೆಂಬಣ್ಣವನ್ನೂ, ಅಂಚೆಯವನು ಅಂಗಳಕ್ಕೆ ಬರಲು ಹಿಂಜರಿಯುವಂಥ ನಾತವನ್ನೂ ಕೊಡುವವರು ನಮ್ಮ ಬೆರಳ ಸಂದಿಯಲ್ಲಿ ಬಾಡಿಗೆಯಿಲ್ಲದೆ ವಾಸವಿರುವ ಸೂಕ್ಷ್ಮಜೀವಿಗಳೇ ಎಂದು ಅತ್ತೆಯ ನಂಬಿಕೆ. ತಾವು ಒಳ್ಳೆಯವರು ಕೆಟ್ಟವರೆಂಬ ಭೇದವೆಣಿಸದೆ ಅವರೆಲ್ಲರನ್ನೂ ಒಕ್ಕಲೆಬ್ಬಿಸಿದಿರಿ. ಅಂಥ ಸಮದೃಷ್ಟಿ ಋಷಿಗಳಿಗೂ ದುರ್ಲಭ. ಕಣ್ಣು ಮಂಜಾದ ನನ್ನ ಅತ್ತೆ ಅರ್ಲೀನ್ ಹೊಸ ಬಿಲ್ಲೆಯನ್ನು ಮೂಗಿಗೆ ಹಿಡಿದು, "ಇದ್ಯಾರ ಮನೇದೇ ಲೋರೆನ್? ಸೋಪು ಮೂಸಿದ ಹಾಗಿದೆ. ನಮ್ಮದು ತಗೊಂಡ್ಬಾರೇ" ಎಂದರು. ಅದು ನಮ್ಮದೇ ಆಗಿತ್ತು. ಅವರ ಅತ್ತೆಯಿಂದ ಅವರಿಗೆ, ಅವರಿಂದ ನನಗೆ ಬಂದ ವಾಸನೆ ನನ್ನ ಕೈಯಲ್ಲೇ ಹೋಯಿತೆಂದು ನಾನು ನೆಲಮಾಳಿಗೆಯಲ್ಲಿ ಕೂತು ಅತ್ತುಬಿಟ್ಟೆ.

ಆದಕಾರಣ ನನ್ನ ಪ್ರಾರ್ಥನೆ ಇಷ್ಟೆ. ಡಬ್ಬಿಯ ಪ್ರಕಾರ ನೂರಕ್ಕೆ ತೊಂಬತ್ತೊಂಬತ್ತು ಸತ್ತಿವೆ. ಉಳಿದ ಒಂದು ಎಲ್ಲಿ ತಲೆಮರೆಸಿಕೊಂಡಿದೆಯೆಂದು ತಿಳಿಸಿದರೆ ಕೈಮುಗಿದು ಕರೆತರುತ್ತೇನೆ. ಅದಾಗದಿದ್ದರೆ ಕೈ ಶುದ್ಧವಿಲ್ಲದ ತಮ್ಮ ನಿರ್ದೇಶಕರೊಬ್ಬರನ್ನು ಬಿಲ್ಲೆ ತಿಕ್ಕಲು ಕಳುಹಿಸಿ, ಅಂಥವರಿಗೆ ತಮ್ಮಲ್ಲಿ ಬರವಿರಲಾರದು. ಊಟ, ವಸತಿ ನಮ್ಮದು. ಅದೂ ಆಗದಿದ್ದರೆ ಚರ್ಚು ಯಾವುದು, ಚೀಸು ಯಾವುದು ಎಂದು ತಿಳಿದು ನಡೆದುಕೊಳ್ಳುವ ಕ್ರೀಮೊಂದನ್ನು ದಯವಿಟ್ಟು ಕಂಡುಹಿಡಿಯಿರಿ.

ಸದ್ಯಕ್ಕೆ ನುಣುಪಾಗಿರುವ
ತಮ್ಮ ವಿಶ್ವಾಸಿ,
ಲೋರೆನ್ ಥಿಬೊ

ತಾಜಾ ಕಲಂ: ಈ ಪತ್ರ ಅಂಚೆಗೆ ಬೀಳದೆ ಕೆಲವು ವಾರ ಮೇಜಿನ ಮೇಲೇ ಉಳಿಯಿತು. ಅಷ್ಟರಲ್ಲಿ ನಾನು ಎಡಗೈಗೆ ಕ್ರೀಮು ನಿಲ್ಲಿಸಿ, ಆ ಕೈಯಿಂದಲೇ ಬಿಲ್ಲೆ ತಿಕ್ಕತೊಡಗಿದೆ. ನಾತ ಮರಳಿದೆ; ಅತ್ತೆ ಮೂಸಿ, "ಹಾಂ, ಈಗ ಮನೆಗೆ ಬಂತು ನೋಡು" ಎಂದರು. ಕಳೆದ ಭಾನುವಾರ ಚರ್ಚಿನಲ್ಲಿ ಕ್ಲೇಟನ್ ನನ್ನ ಎಡಕ್ಕೆ ಕೂತು ಆ ಒರಟು ಕೈಯನ್ನೇ ಹಿಡಿದ, ವಾಸನೆ ಬಂದರೂ ಬಿಡಲಿಲ್ಲ. ಆದ್ದರಿಂದ ಡಬ್ಬಿಯಲ್ಲಿ ಉಳಿದದ್ದನ್ನು ಕೊಟ್ಟಿಗೆಯ ಬಾಗಿಲ ಕೀಲುಗಳಿಗೆ ಹಚ್ಚಿದ್ದೇನೆ. ಈಗ ಕಿರುಗುಟ್ಟುವುದಿಲ್ಲ. ತಮ್ಮ ಕ್ರೀಮು ನಿಜಕ್ಕೂ ಬಹಳ ಒಳ್ಳೆಯದು.