ಮಲ್ಕಮ್ಮ ಆರಿಸಿದ ಆ್ಯಪು

“ಈ ಸಲ ಮುಂಬೈಕ್ಕ ನಾ ಆರಿಸಿದ ಆ್ಯಪಿನ ಪ್ರಕಾರನೇ ಹೋಗೋದು! ಇಲ್ಲಾಂದ್ರ ರೈಲು ಜೇವರ್ಗಿ ಕಾಲೋನಿಗೆ ಬಂದು ನಮ್ಮ ಬಾಗಲಾ ಬಡದ್ರೂ ನಾ ಹತ್ತಂಗಿಲ್ಲ!”

ಮಲ್ಕಮ್ಮ ಹೀಗೆ ಘೋಷಿಸಿದಾಗ ಗಂಡ ಗುರುಲಿಂಗಪ್ಪ ರೊಟ್ಟಿ ಮುರಿಯುತ್ತಿದ್ದ. ಮುರಿದ ತುಂಡು ಕೈಯಲ್ಲೇ ಉಳಿಯಿತು. ಸಿಲಿಂಡರ್ ಬುಕ್ ಮಾಡಲು ಹೋಗಿ ಬೀಗರಿಗೆ ವಿಡಿಯೋ ಕಾಲ್ ಹಚ್ಚಿ, ಅರ್ಧ ತಾಸು ಒಲೆ ತೋರಿಸಿದ ಮಹಾತಾಯಿ ಇವಳು!

“ಆ್ಯಪ್ ಆರಿಸೋದು ನಿನಗ ಬರ್ತದೇನು?”

“ಸೊಸಿ ಆರಿಸೋದು ಬಂತು, ಆ್ಯಪ್ ಬರಂಗಿಲ್ಲೇನ್ರೀ?”

ಅಡುಗೆಮನೆಯಲ್ಲಿ ಸೊಸೆ ರಾಧಿಕಾ ಕಿಸಕ್ಕನೆ ನಕ್ಕಳು.

ಮುಂಬೈಯಲ್ಲಿ ಮಲ್ಕಮ್ಮನಿಗೆ ಸಮುದ್ರ ಬೇಕಿರಲಿಲ್ಲ, ದೊಡ್ಡ ದೊಡ್ಡ ಕಟ್ಟಡಗಳೂ ಬೇಕಿರಲಿಲ್ಲ. ನೂರಜಹಾನ್ ಬೇಕಿತ್ತು. ಕಮಲಾಪುರದಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನ ದೊಡ್ಡವರು ಅಡ್ಡಾದ ಮೇಲೆ ಈ ಹುಡುಗಿಯರು ಬಾಳೆ ತೋಟಕ್ಕೆ ಓಡಿ ಕಾಲುವೆಯ ನೀರಿನಲ್ಲಿ ಕಾಲು ಬಿಟ್ಟು ಕೂರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಸುಮ್ಮನೆ ಕೂರುವುದು. ನೆರಳು ಈ ಗಿಡದಿಂದ ಆ ಗಿಡಕ್ಕೆ ಹೋಗುವವರೆಗೂ ಕೂರುವುದು. ಆಮೇಲೆ ಮದುವೆಗಳಾದವು. ಇವಳು ಕಲಬುರಗಿಗೆ ಬಂದಳು, ಅವಳು ಮುಂಬೈಯ ಕುರ್ಲಾಕ್ಕೆ ಹೋದಳು. ಅಂದಿನಿಂದ ಭೇಟಿಯೆಂದರೆ ಯಾರದೋ ಮದುವೆ, ಯಾರದೋ ಮಣ್ಣು.

ಫೋನಿದೆಯಲ್ಲ ಎನ್ನಬಹುದು. ಇದೆ. ಮಾತಿಗೇನೂ ಕಡಿಮೆಯಿಲ್ಲ. ಆದರೆ ಫೋನಿನಲ್ಲಿ ಸುಮ್ಮನಿರಲು ಬರುವುದಿಲ್ಲ! ಒಂದು ಉಸಿರು ಸುಮ್ಮನಾದರೆ ಸಾಕು, “ಹಲೋ, ಹಲೋ, ಲೈನ್ ಹೋಯ್ತೇನು?” ಮಲ್ಕಮ್ಮನಿಗೋ ಈಚೆಗೆ ಮೊಣಕಾಲು ನೋಯುತ್ತಿತ್ತು, ನೂರಜಹಾನಳಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ದಿನ, ಒಂದೇ ಒಂದು ದಿನ, ಅವಳ ಬಾಜೂಕ ಮಾತಿಲ್ಲದೆ ಕೂತು ಬರಬೇಕೆಂದು ಜೀವ ಹಂಬಲಿಸುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಸುಮ್ಮನೆ ಕೂರಲು ಮುಂಬೈಗೆ ಹೋಗುತ್ತೇನೆಂದರೆ, ಇಲ್ಲೇ ಕೂರು, ಟಿಕೆಟ್ಟಾದರೂ ಉಳಿಯುತ್ತದೆ ಎಂದಾರು!

ರಾಧಿಕಾ ಮೂರು ಆ್ಯಪ್ ಇಳಿಸಿಕೊಟ್ಟಳು. ಮಲ್ಕಮ್ಮ ತಲೆಯ ಮೇಲೆ ಸೆರಗು ಹೊದ್ದು, ಹೆಣ್ಣು ನೋಡಲು ಹೋದವಳ ಗತ್ತಿನಲ್ಲಿ ಕೂತಳು. ಮೊದಲನೆಯದು ನಸುಕಿನಲ್ಲೇ ಎಬ್ಬಿಸಿ ಊರೆಲ್ಲಾ ಸುತ್ತಿಸುವ ಜಾತಿ.

“ಇದು ಊರು ತೋರಿಸೋದಲ್ಲ, ಬೆನ್ನ ಹತ್ತಿ ಓಡಸ್ತದ. ಬ್ಯಾಡ!”

ಎರಡನೆಯದು ಬರೀ ಹೋಟೆಲು, ಹೋಟೆಲಿನೊಳಗೆ ಈಜುವ ಹೊಂಡ.

“ಈ ವಯಸ್ಸಿನಾಗ ನನ್ನ ನೀರಾಗ ಇಳಸ್ತದಂತ. ಬ್ಯಾಡ!”

ಮೂರನೆಯದರಲ್ಲಿ ಒಬ್ಬ ಹುಡುಗಿ ಬೆಲ್ಲದಂಥ ಕನ್ನಡದಲ್ಲಿ ಕೇಳಿದಳು: “ನಿಮಗೆ ಏನು ಮಾಡಲು ಇಷ್ಟ?”

ಮಲ್ಕಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಹೇಳಿದಳು: “ಸುಮ್ಮ ಕೂಡೋದು.”

ಹುಡುಗಿ ಬಹಳ ಹೊತ್ತು ಗರಗರ ತಿರುಗಿ ಯೋಚಿಸಿ ಎರಡು ಧ್ಯಾನ ಕೇಂದ್ರ ತೋರಿಸಿದಳು. ಪಾಪ, ಅವಳಿಗೇನು ಗೊತ್ತು! ಕೊನೆಗೆ ಮಲ್ಕಮ್ಮನೇ ಒಂದೊಂದೇ ಅಕ್ಷರ ಕೂಡಿಸಿ ಖಾಲಿ ಜಾಗದಲ್ಲಿ ಬರೆದಳು: ನೂರಜಹಾನ್ ಮನೆ, ಮುಂಜಾನೆಯಿಂದ ಸಂಜೆಯವರೆಗೆ. “ಸೇರಿಸಲಾಗಿದೆ!” ಎಂದಳು ಹುಡುಗಿ. ಆ ಒಂದು ಮಾತಿಗೆ ಮಲ್ಕಮ್ಮನ ಕಣ್ಣು ತುಂಬಿದವು. ಹೆಣ್ಣು ಪಾಸು!

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತಾನೇ ಮಾಡಿದ ಪ್ಲಾನನ್ನು ಕಮಲಾಪುರದ ಅಣ್ಣ ದೇವೀಂದ್ರಪ್ಪನಿಗೆ ತೋರಿಸಬೇಡವೇ? ಬಾಣದ ಗುರುತು ಒತ್ತಿದಳು. ಬಾಣ ಅಣ್ಣನೊಬ್ಬನಿಗೆ ತಾಗದೆ ಇಡೀ ಬಳಗದ ಗ್ರೂಪಿಗೇ ತಾಗಿತು! ಆ ಆ್ಯಪಿನ ಗುಣ ಹೇಗೆಂದರೆ, ಬಂದ ಪ್ಲಾನನ್ನು ಒತ್ತಿದವರೆಲ್ಲ ಸಹ ಪ್ರಯಾಣಿಕರು. ತಮಗೆ ಬೇಕಾದ ಜಾಗ ತಾವೇ ಬರೆಯಬಹುದು.

ದೇವೀಂದ್ರಪ್ಪ ಹಣ್ಣಿನ ಮಾರುಕಟ್ಟೆ ಬರೆದ. ಕಮಲಾಪುರದ ಕೆಂಪು ಬಾಳೆಯನ್ನು ಮುಂಬೈ ಸೇಠರ ಮೂಗಿಗೆ ಹಿಡಿಯುವುದು ಅವನ ಬಹುದಿನದ ಆಸೆ. ಗುರುಲಿಂಗಪ್ಪನ ತಮ್ಮ ಮಾಪಣ್ಣ ಸಮುದ್ರ ಬರೆದ, ಸಾಲದ್ದಕ್ಕೆ ದೋಣಿ ಬರೆದ. ಗಾಜಿಪುರ ಓಣಿಯ ಸೋದರ ಸೊಸೆ ರೇವತಿ ಸಿನಿಮಾದವರ ಬಂಗಲೆಗಳ ರಸ್ತೆ ಬರೆದಳು. ಒಬ್ಬೊಬ್ಬರು ಸೇರಿದಂತೆಲ್ಲ ನೂರಜಹಾನಳ ಮನೆ ಕುಗ್ಗತೊಡಗಿತು. ಸಂಜೆಯವರೆಗೆ ಇದ್ದದ್ದು ಮಧ್ಯಾಹ್ನದವರೆಗೆ ಆಯಿತು. ಅದೂ ಹೋಗಿ, ಬರೀ ಊಟದ ಹೊತ್ತು ಆಯಿತು. ಮಲ್ಕಮ್ಮ ದಿನಾ ಎದ್ದು ದೇವರಿಗೆ ಕೈ ಮುಗಿಯುವ ಮೊದಲೇ ಫೋನು ತೆಗೆದು ನೋಡುವಳು. ಇವತ್ತೆಷ್ಟು ಉಳಿದಿದೆ?

“ಬ್ಯಾಡಾದವರನ್ನ ತೆಗದು ಹಾಕು. ಅದಕ್ಕೂ ಒಂದು ಬಟನ್ ಅದ,” ಎಂದ ಗುರುಲಿಂಗಪ್ಪ.

ನಮ್ಮ ಕಡೆ ಮುಖದ ಮೇಲೆ ಯಾರಿಗೂ ಬೇಡ ಎನ್ನುವ ಪದ್ಧತಿಯಿಲ್ಲ. “ನೋಡೂಣಂತ ತಗೋ” ಅಂದರೆ ಮುಗಿಯಿತು. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೆ ಆ್ಯಪಿನಲ್ಲಿ ನೋಡೂಣಂತ ಎನ್ನುವ ಬಟನ್ ಇರಲಿಲ್ಲ! ಮಲ್ಕಮ್ಮ ಕಣ್ಣು ಮುಚ್ಚಿ ಅಣ್ಣನ ಹೆಸರಿನ ಮೇಲೆ ಒತ್ತಿದಳು. ಟಣ್ ಎಂದು ಬಳಗದ ಎಲ್ಲರ ಫೋನಿಗೂ ಡಂಗುರ ಹೋಯಿತು: “ಮಲ್ಕಮ್ಮ ಅವರು ದೇವೀಂದ್ರಪ್ಪ ಅವರನ್ನು ತೆಗೆದುಹಾಕಿದ್ದಾರೆ.”

ಒಡನೆಯೇ ಕಮಲಾಪುರದಿಂದ ಫೋನು.

“ತಂಗೆವ್ವ, ನನ್ನ ತೆಗದು ಹಾಕಿದಿ ಅಂತಲ್ಲ! ನಾ ಇನ್ನಾ ಉಸರಾಡಾಕತ್ತೀನವ್ವ!”

“ಅಯ್ಯ ಅಣ್ಣ, ಕೈ ತಪ್ಪಿ ಬಿತ್ತೋ! ನಿನ್ನ ಬಿಟ್ಟು ಹೋಗ್ತೀನೇನು? ವೈನೀನೂ ಕರ್ಕೊಂಡು ಬಾ!”

ಒಬ್ಬನನ್ನು ತೆಗೆದಳು, ಅತ್ತಿಗೆಯೂ ಕೂಡಿ ಇಬ್ಬರು ಸೇರಿದರು. ಮಾಪಣ್ಣನನ್ನು ತೆಗೆದಳು; ಅವನು ಊಟ ಬಿಟ್ಟನೆಂದು ಸುದ್ದಿ ಬಂದು, ಸಮಾಧಾನಕ್ಕೆ ಅವನ ಹೆಂಡತಿ, ಹೆಂಡತಿಯ ತಾಯಿ ಇಬ್ಬರೂ ಬಂದರು. ರೇವತಿಯನ್ನು ತೆಗೆದದ್ದಕ್ಕೆ ಅವಳ ಸಂಸಾರವೆಲ್ಲ ಸೇರಿ ಒಟ್ಟು ಹನ್ನೊಂದು ಮಂದಿ!

ಗುರುಲಿಂಗಪ್ಪ ಫೋನು ಕಸಿದುಕೊಂಡ. “ಇನ್ನ ಯಾರನ್ನೂ ತೆಗೀಬ್ಯಾಡ ಮಾರಾಯ್ತಿ! ಇನ್ನೊಂದು ಸಲ ತೆಗದಿ ಅಂದ್ರ ಬೋಗಿ ಸಾಲಂಗಿಲ್ಲ!”

ಹೀಗೆ ದಂಡು ಮುಂಬೈಗೆ ಇಳಿಯಿತು. ಕುರ್ಲಾದ ಮೂರನೆಯ ಮಹಡಿ, ಒಂದೇ ಖೋಲಿಯ ಮನೆ. ಬಾಗಿಲು ತೆಗೆದ ನೂರಜಹಾನಳ ಕಣ್ಣು ಒಂದು ಮುಖ ಹುಡುಕಿತು. ಅದು ದೇವೀಂದ್ರಪ್ಪನ ಹೆಗಲ ಮೇಲಿನ ಬಾಳೆಗೊನೆಯ ಹಿಂದೆ ಸಿಕ್ಕಿತು. “ಬಂದ್ಯಾ?” ಎಂದಳು. “ಬಂದೆ,” ಎಂದಳು ಮಲ್ಕಮ್ಮ. ಅಷ್ಟೇ. ಅವಳು ಒಲೆಯ ಮುಂದೆ ಹೋದಳು. ಮಾಂಸ ಮುಟ್ಟದ ಇವರ ಊಟಕ್ಕೆಂದೇ ಹೊಸ ಪಾತ್ರೆ ಭಾಂಡೆ ತಂದು ನಸುಕಿನಿಂದ ಪಲಾವು, ಬದನೆಕಾಯಿ ಮಾಡುತ್ತಿದ್ದಳಂತೆ. ಮಲ್ಕಮ್ಮ ಹಿಂದೆಯೇ ಹೋಗಿ ಬಡಿಸಲೆಂದು ತಾಟು ಮುಟ್ಟಿದಳು.

“ನಕ್ಕೋ, ಬ್ಯಾಡ! ನೀ ಮನಿಗೆ ಬಂದ ಮೆಹಮಾನ್. ಹೋಗಿ ಮಂದಿ ಜೋಡಿ ಕೂಡು.”

ಮಂದಿ ಉಂಡರು, ಬಾಳೆಹಣ್ಣು ತಿಂದರು, ಸಿಪ್ಪೆ ಎಲ್ಲಿ ಹಾಕಬೇಕೆಂದು ಚರ್ಚೆ ಮಾಡಿದರು. ಮಲ್ಕಮ್ಮ ಗೋಡೆಗೆ ಒರಗಿ ನೂರಜಹಾನಳ ಬೆನ್ನು ನೋಡುತ್ತ ಕೂತಿದ್ದಳು. ಇಷ್ಟು ದೂರ ಬಂದು ಬೆನ್ನು! ಅಷ್ಟರಲ್ಲಿ ಎಲ್ಲರ ಜೇಬಿನಿಂದಲೂ ಆ ಬೆಲ್ಲದ ಹುಡುಗಿ ಒಟ್ಟಿಗೆ ಕೂಗಿದಳು: “ಮುಂದಿನ ಸ್ಥಳಕ್ಕೆ ಹೊರಡುವ ಸಮಯ!”

ಎಲ್ಲರೂ ದಡಬಡ ಎದ್ದರು. ಮಲ್ಕಮ್ಮ ಏಳಲಿಲ್ಲ.

“ಏಳು, ದೋಣಿ ಹೋಗ್ತದ,” ಎಂದ ಗುರುಲಿಂಗಪ್ಪ.

“ಹೋಗ್ಲಿ. ನನ್ನ ತೆಗದು ಹಾಕ್ರಿ.”

ಹೊರಟವರೆಲ್ಲ ಬಾಗಿಲಲ್ಲೇ ತಿರುಗಿದರು. “ಯಾಕ ವೈನೀ, ನಮ್ಮ ಮ್ಯಾಲ ಸಿಟ್ಟೇನು?” ಎಂದ ಮಾಪಣ್ಣ. ಗುರುಲಿಂಗಪ್ಪ ಹೆಂಡತಿಯ ಮುಖ ನೋಡಿದ. ಒಲೆಯ ಮುಂದಿನ ಬೆನ್ನು ನೋಡಿದ. ಏನು ತಿಳಿಯಿತೋ, ಫೋನು ತೆಗೆದು ಒತ್ತಿದ. ಟಣ್! “ಗುರುಲಿಂಗಪ್ಪ ಅವರು ಮಲ್ಕಮ್ಮ ಅವರನ್ನು ತೆಗೆದುಹಾಕಿದ್ದಾರೆ.” ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಇಂಥ ಉಡುಗೊರೆ ಎಂದೂ ಕೊಟ್ಟಿರಲಿಲ್ಲ! “ನಡೀರಿ, ನಡೀರಿ,” ಎಂದು ದಂಡನ್ನು ಮೆಟ್ಟಿಲು ಇಳಿಸಿಕೊಂಡು ಹೋದ.

ನೂರಜಹಾನ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕಾಲು ಚಾಚಿದಳು.

“ಹೂಂ, ಹೇಳು,” ಎಂದಳು. ಮಲ್ಕಮ್ಮ ತಿರುಗಿ ನೋಡುವಷ್ಟರಲ್ಲಿ ಗೊರಕೆ! ತಲೆ ಜಾರಿ ಮಲ್ಕಮ್ಮನ ಭುಜದ ಮೇಲೆ ಬಂತು. ಕೂದಲೆಲ್ಲ ಬೆಳ್ಳಗೆ, ಒಗ್ಗರಣೆಯ ವಾಸನೆ. ಕೆಳಗೆ ಲೋಕಲ್ ರೈಲು ಹೋಗುತ್ತಿತ್ತು, ಬರುತ್ತಿತ್ತು. ಅಷ್ಟರಲ್ಲಿ ಚೀಲದೊಳಗಿಂದ ಆ ಹುಡುಗಿ, ತೆಗೆದುಹಾಕಿದರೂ ಬಿಡಲೊಲ್ಲಳು: “ನೀವು ದಾರಿ ತಪ್ಪಿದ್ದೀರಿ! ನೀವು ದಾರಿ ತಪ್ಪಿದ್ದೀರಿ!” ಮಲ್ಕಮ್ಮ ಭುಜ ಅಲುಗಿಸದೆ ಒಂದೇ ಕೈಯಲ್ಲಿ ಫೋನು ಎಳೆದು, ಅಷ್ಟು ಪರೀಕ್ಷೆ ಮಾಡಿ ಆರಿಸಿದ ಆ್ಯಪಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು. ಕಿಟಕಿಯ ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ಹೋಯಿತು.

ಹೊತ್ತು ಇಳಿದಾಗ ನೂರಜಹಾನ್ ಗಡಬಡಿಸಿ ಎದ್ದಳು. “ಯಾ ಅಲ್ಲಾ! ಎಬ್ಬಸಬಾರದೇನ ಪಗಲಿ? ಎರಡು ಮಾತಾದ್ರೂ ಆಡ್ತಿದ್ವಿ!”

“ನಾ ಮಾತಾಡಾಕ ಬಂದಿಲ್ಲ,” ಎಂದಳು ಮಲ್ಕಮ್ಮ. “ನಿನ್ನ ಬಾಜೂಕ ಸುಮ್ಮ ಕೂಡಾಕ ಬಂದೀನಿ.”

ನೂರಜಹಾನ್ ಗುಡ್ಡದಂತೆ ಬಿದ್ದ ತಾಟುಗಳನ್ನು ನೋಡಿದಳು, ಬಾಳೆಯ ಸಿಪ್ಪೆಗಳನ್ನು ನೋಡಿದಳು, ಗೆಳತಿಯನ್ನೂ ನೋಡಿದಳು.

“ಸುಮ್ಮ ಕೂಡಾಕ ಬಂದಾಕಿ ಇಷ್ಟು ಮಂದೀನ ತಂದೀದಿ. ಇನ್ನ ಮಾತಾಡಾಕ ಬಂದಿದ್ರ ಇಡೀ ಕಲಬುರಗೀನೇ ಹೊತ್ಕೊಂಡು ಬರ್ತಿದ್ದಿ ಏನೇ?”